ಮೊದಲು ತೂಕ ಇಳಿಸೋದಾ, ಇಲ್ಲಾ ಸೀದಾ ಎದೆ ಸಣ್ಣ ಮಾಡೋ ಆಪರೇಷನ್ನಾ? ಯಾರಾದ್ರೂ ಮಾಡಿಸ್ಕೊಂಡೋರು ಇದ್ರ ಹೇಳ್ರಿ

ಬಿಸಿಲೂರ ಟೀಚರ್ (ಕಲಬುರಗಿ):
ಎಲ್ಲರಿಗೂ ಶರಣಾರ್ಥಿ. ಮನ್ಯಾಗ ಬಿಚ್ಚಿ ಮಾತಾಡ್ಲಾಕ ಆಗದ ವಿಷಯ, ಅದಕ್ಕ ಇಲ್ಲಿ ಕೇಳ್ಲಾಕತ್ತೀನಿ.

ವಯಸ್ಸು 36, ಎತ್ತರ 157 ಸೆಂ.ಮೀ., ತೂಕ 86 ಕೆಜಿ. ಬಿಎಂಐ, ಅಂದ್ರ ಎತ್ತರಕ್ಕ ತೂಕ ಎಷ್ಟು ಅನ್ನೋ ಲೆಕ್ಕ, ಹತ್ತತ್ರ 35. ಒಬ್ಬ ಮಗ ಇದ್ದಾನ. ಖಾಸಗಿ ಹೈಸ್ಕೂಲಿನ್ಯಾಗ ಗಣಿತ ಕಲಿಸ್ತೀನಿ, ಅಂದ್ರ ದಿನಾ ನಿಂತೇ ಕೆಲಸ. ಬೋರ್ಡಿನ ಮ್ಯಾಲಿನ ಸಾಲು ಬರೀಲಾಕ ಕೈ ಎತ್ತಿದ್ರ ಬಲಗಡಿ ಹೆಗಲಿಂದ ಕುತ್ತಿಗಿ ತನಕ ಎಳೀತದ. ಬ್ರಾ ಪಟ್ಟಿ ಕೂಡೋ ಜಾಗದಾಗ ಹೆಗಲ ಮ್ಯಾಲ ತಗ್ಗು ಬಿದ್ದದ, ಬೆರಳಿಟ್ರ ಬೆರಳು ಕೂಡ್ತದ. ಬ್ಯಾಸಗಿ ಬಂತಂದ್ರ ಕೇಳಲೇ ಬ್ಯಾಡ್ರಿ. ಎದೆ ಕೆಳಗಿನ ಮಡಿಕಿ ಒಳಗ ಬೆವರು ನಿಂತು, ಕೆಂಪಾಗಿ, ಚರ್ಮ ಸುಲಿದು ಉರೀತದ. ಮೆಡಿಕಲ್‌ನವರು ಒಂದು ಟ್ಯೂಬ್ ಕೊಡ್ತಾರ, ಹಚ್ಚಿದ್ರ ಕಡಿಮಿ ಆಗ್ತದ, ಬಿಟ್ರ ಮತ್ತ ಬರ್ತದ.

ಇಲ್ಲೇ ಊರಾಗ ಒಬ್ಬ ಸರ್ಜನ್ ಕಡೆ ಹೋಗಿದ್ದೆ. ಪರೀಕ್ಷೆ ಮಾಡಲಿಲ್ಲ. ಚೀಟಿ ಮ್ಯಾಲ ತೂಕ ನೋಡಿ, "ಮೊದಲು ಸಣ್ಣ ಆಗಿ ಬರ್ರಿ, ಅದೂ ತಾನೇ ಸಣ್ಣ ಆಗ್ತದ" ಅಂತ ಮುಗಿಸಿಬಿಟ್ರು. ಆಮ್ಯಾಲ ಹೈದರಾಬಾದಿನ್ಯಾಗ ಪ್ಲಾಸ್ಟಿಕ್ ಸರ್ಜನ್‌ಗ ತೋರಿಸಿದೆ. ಅವರು ಟೇಪ್ ಹಿಡಿದು ಅಳತಿ ತಗೊಂಡು, "ಈಗ ಮಾಡಬಹುದು, ಆದ್ರ ಏಳೆಂಟು ಕೆಜಿ ಇಳಿಸಿ ಬಂದ್ರ ನಿಮಗೇ ಚಲೋ" ಅಂದ್ರು. ಇಬ್ಬರೂ ತೂಕದ ಮಾತೇ ಆಡಿದ್ರು, ಆದ್ರ ಒಂದೇ ಮಾತು ಅಲ್ಲ ಅನ್ನಸ್ತದ. ಯಾರದು ಹಿಡೀಲಿ?

ನನ್ನ ತೊಂದ್ರಿ ಇಷ್ಟೇ: ತೂಕ ಇಳಿಬೇಕಂದ್ರ ನಡೀಬೇಕು, ನಡೀಲಾಕ ಹೋದ್ರ ಎದೆ ಭಾರಕ್ಕ ಬೆನ್ನು ಹಿಡೀತದ. ಜನ ನೋಡೋದು ಬ್ಯಾರೆ. ಅತ್ತಿ ಅಂತೂ "ದೇವರು ಕೊಟ್ಟಿದ್ದು ಕೊಯ್ಸಕೋತಾರಾ" ಅಂತ ಒಂದೇ ಸಮ ಶುರು ಮಾಡ್ಯಾರ.

ತೊಗರಿ ಸೀಮಿಯಾಕಿ (ಚಿತ್ತಾಪುರ):
ಅಕ್ಕೋರೆ, ನಾ ಆಪರೇಷನ್ ಮಾಡಿಸ್ಕೊಂಡಿಲ್ಲ. ತೂಕ ಇಳಿಸೀನಿ, 92ರಿಂದ 75ಕ್ಕ. ಅದಕ್ಕ ಆ ಕಡೆ ಸುದ್ದಿ ಹೇಳ್ತೀನಿ.

ಮೊದಲು ಇಳಿದದ್ದು ಮುಖ. ಎಲ್ಲಾರೂ "ಜ್ವರ ಬಂದಿತ್ತೇನು" ಅಂತ ಕೇಳಿದ್ರು. ಆಮ್ಯಾಲ ಹೊಟ್ಟಿ, ತೋಳು. ಎದೆ ಎಲ್ಲಾದ್ದಕ್ಕೂ ಹಿಂದ. ಜಂಪರ್ ಹೊಲಿಯೋ ಬಾಯಿ ಅಳತಿ ಪುಸ್ತಕ ತೆರೆದು ನೋಡಿ, "ಸುತ್ತಳತಿ ಮೂರು ಇಂಚು ಹೋಗ್ಯಾದ, ಆದ್ರ ಟಕ್ಸ್ ಆಳ ಅಷ್ಟೇ ಅದ" ಅಂದ್ಲು. ಅಂದ್ರ ಬೆನ್ನಿನ ಕಡಿ ಕೊಬ್ಬು ಹೋತು, ಮುಂದಿಂದು ಅಲ್ಲೇ ಉಳೀತು, ಮ್ಯಾಲಿಂದ ಜೋತೂ ಬಿತ್ತು. ನನ್ನ ತಂಗಿಗಿ ಉಲ್ಟಾ. ಆಕಿ ಹತ್ತು ಕೆಜಿ ಇಳಿಸಿದ್ಲು, ಎದೆ ಅರ್ಧ ಆತು. ಒಂದೇ ಹೊಟ್ಟ್ಯಾಗ ಹುಟ್ಟಿದೋರು ನಾವು!

ಅದಕ್ಕ ನಿಮಗೊಂದು ಪ್ರಶ್ನಿ: ಹಿಂದ ಎಂದರ ನಿಮ್ಮ ತೂಕ ಇಳಿದಿತ್ತಾ? ಆವಾಗ ಎದೆ ಇಳಿದಿತ್ತಾ? ಡಾಕ್ಟರ್ ಹೇಳೋಕ್ಕಿಂತ ನಿಮ್ಮ ಹಳೇ ಜಂಪರ್‌ಗಳು ಛಂದ ಹೇಳ್ತಾವ.

ರೊಟ್ಟಿ ಬಿಟ್ಟೀರೇನು ಅಂತ ಎಲ್ಲಾರೂ ನನಗ ಕೇಳ್ತಾರ. ಬಿಟ್ಟಿಲ್ಲ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಪುಂಡಿಪಲ್ಯ ತಿಂದೇ ಇಳಿಸೀನಿ. ಬಿಟ್ಟಿದ್ದು ಸಕ್ರಿ ಚಾ, ಸಂಜಿ ಮಿರ್ಚಿ ಭಜಿ, ಶೇಂಗಾ ಹಿಂಡಿ ಮ್ಯಾಲ ಸುರಕೊಳ್ಳೋ ಎಣ್ಣಿ.

ಭೀಮಾ ದಂಡಿ (ಯಾದಗಿರಿ):
ಟೀಚರವ್ವ, ನಾ ವಯಸ್ಸಿನ್ಯಾಗ ದೊಡ್ಡಾಕಿ, ಸಿಟ್ಟಾಗಬ್ಯಾಡ. ನಮ್ಮವ್ವಂದೂ ಹಂಗೇ ಇತ್ತು, ಆಕಿ ಹೊಲದಾಗ ದುಡಿದು ಏಳು ಮಂದಿ ಹಡದಳು, ಒಂದಿನಾ ದವಾಖಾನಿ ಕಂಡಿಲ್ಲ. ಈಗ ಎಲ್ಲದಕ್ಕೂ ಕತ್ತರಿ. ಮುಂಜಾನಿ ಎದ್ದು ಯೋಗ ಮಾಡು, ರಾತ್ರಿ ಊಟ ಬಿಡು, ಆರು ತಿಂಗಳಾಗ ಎಲ್ಲಾ ಕರಗತದ. ಮೈ ಮ್ಯಾಲ ಕಲಿ ಮಾಡ್ಕೊಂಡು ಆಮ್ಯಾಲ ಅಳೋದ್ಯಾಕ?

ಬಿದರಿ ಹೂಜಿ (ಬೀದರ್):
ಕಾಕಿ, ನಿಮ್ಮವ್ವಗ ಬೆನ್ನು ನೋಯ್ತಿತ್ತೋ ಇಲ್ಲೋ ಅಂತ ಆವಾಗ ಯಾರು ಕೇಳಿದ್ರು ಹೇಳ್ರಿ. ನಮ್ಮಜ್ಜಿ ಸಾಯೋ ತನಕ ಎದೆ ಕೆಳಗ ಹಳೇ ಧೋತರದ ತುಂಡು ಮಡಚಿ ಇಟ್ಕೋತಿದ್ಲು. ಯಾಕಂತ ಗೊತ್ತಾಗಿದ್ದು ನನಗ ಬಂದ ಮ್ಯಾಲೇ.

ಟೀಚರ್, ನಾ ಮಾಡಿಸ್ಕೊಂಡೀನಿ. ಕೆಲ ವರ್ಷದ ಹಿಂದ, ಹೈದರಾಬಾದಿನ್ಯಾಗ. ಆವಾಗ ನನ್ನ ಬಿಎಂಐ 31. ಎರಡೂ ಕಡಿ ಸೇರಿ ಹತ್ತತ್ರ ಒಂದೂವರಿ ಕೆಜಿ ತೆಗೆದ್ರು. ಕೇಳ್ಲಾಕ ಒಂದೂವರಿ ಕೆಜಿ ಏನೂ ಅಲ್ಲ ಅನ್ನಸ್ತದ, ಒಂದೂವರಿ ಕೆಜಿ ಬ್ಯಾಳಿ ಚೀಲ ಕೊರಳಿಗಿ ಕಟ್ಕೊಂಡು ಮುಂಜಾನಿಂದ ರಾತ್ರಿ ತನಕ ತಿರುಗಾಡಿ ನೋಡ್ರಿ. ಹೆಗಲ ನೋವು ಮೊದಲನೇ ವಾರದಾಗೇ ಹೋತು. ಗಾಯದ ನೋವು ಇತ್ತು, ಆದ್ರ ಅದು ಬ್ಯಾರೆ ಜಾತಿ ನೋವು.

ಈಗ ಕೆಟ್ಟ ಸುದ್ದಿ. ಹೊಲಿಗಿ ಮೂರು ಜಾಗದಾಗ: ಮೊಲೆತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಗ ನೆಟ್ಟಗ ಒಂದು, ಮಡಿಕಿ ಉದ್ದಕ್ಕ ಒಂದು. ನೆಟ್ಟಗಿಂದು ಬಂದು ಮಡಿಕಿಗಿ ಸೇರೋ ಮೂಲಿ ಅದಲ್ಲ, ಅಲ್ಲಿ ನಂದು ಬಾಯಿ ಬಿಟ್ಟಿತು. ಬೆರಳ ಉಗುರಿನಷ್ಟು. ಅಲ್ಲಿ ಬಿಡೋದು ಮಾಮೂಲಿ ಅಂತ ಡಾಕ್ಟರ್ ಮೊದಲೇ ಹೇಳಿದ್ರು. ಮತ್ತ ಹೊಲೀಲಿಲ್ಲ, ದಿನಾ ಡ್ರೆಸ್ಸಿಂಗ್ ಮಾಡಿ ತಾನೇ ತುಂಬ್ಲಾಕ ಬಿಟ್ರು. ನಮ್ಮನಿ ಹಂತೇಕಿರೋ ನರ್ಸ್ ಒಬ್ರು ಬಂದು ಮಾಡ್ತಿದ್ರು. ಎಡಗಡಿ ತೊಟ್ಟಿಗಿ ಇವತ್ತಿಗೂ ಪೂರ್ತಿ ಸ್ಪರ್ಶ ಇಲ್ಲ. ಕಲಿ ಮೊದಲನೇ ವರ್ಷ ಕೆಂಪಗ ಉಬ್ಬಿದ್ದು, ಈಗ ಬೆಳ್ಳಗಾಗ್ಯಾವ. ನಮ್ಮ ಯಜಮಾನರು ಒಂದು ಮಾತೂ ಅಂದಿಲ್ಲ, ಅಂದಿದ್ರೂ ನಾ ಕೇಳ್ತಿರಲಿಲ್ಲ.

ಆರು ವಾರ ರೊಟ್ಟಿ ಬಡೀಬಾರದು! ಇದನ್ನ ಯಾವ ಡಾಕ್ಟರೂ ಹೇಳಂಗಿಲ್ಲ, ಭಾರ ಎತ್ತಬ್ಯಾಡ್ರಿ ಅಂತಾರ ಅಷ್ಟೇ. ರೊಟ್ಟಿ ಬಡಿಯೋದು, ಹಿಟ್ಟು ನಾದೋದು, ಕೊಡ ಎತ್ತೋದು, ಅರಿವಿ ಹಿಂಡೋದು, ಎಲ್ಲಾ ಎದೆ ಸ್ನಾಯುನೇ ಎಳೀತಾವ. ಅಡಗಿ ಮನ್ಯಾಗ ಯಾರು ನಿಂದ್ರತಾರ ಅನ್ನೋದು ಮೊದಲು ಗಟ್ಟಿ ಮಾಡ್ಕೊಂಡು ಆಮ್ಯಾಲ ತಾರೀಖು ತಗೋರಿ.

ಭೀಮಾ ದಂಡಿ (ಯಾದಗಿರಿ):
ಧೋತರದ ತುಂಡು ನಮ್ಮವ್ವನೂ ಇಡ್ತಿದ್ಲು. ಆದರೂ ಕತ್ತರಿ ಅಂದ್ರ ನನಗ ಅಂಜಿಕಿನೇ ತಂಗಿ.

ತಲೆಗಡೆ ನಿಲ್ಲುವವಳು (ಕಲಬುರಗಿ):
ನಾನು ಅರಿವಳಿಕೆ ವೈದ್ಯೆ. ಆಪರೇಷನ್ ನಡೆಯುವಾಗ ರೋಗಿಯ ತಲೆಗಡೆ ನಿಲ್ಲುವುದು ನನ್ನ ಕೆಲಸ. ಕತ್ತರಿ ಹಿಡಿಯುವವಳಲ್ಲ, ಹಾಗಾಗಿ ನನಗೆ ಈ ಕಡೆಯದ್ದೂ ಆ ಕಡೆಯದ್ದೂ ಲಾಭ ಇಲ್ಲ.

"ತೂಕ ಇಳಿಸಿ ಬನ್ನಿ" ಎಂದು ಸರ್ಜನ್ ಹೇಳುವುದಕ್ಕೆ ಎರಡು ನಿಜವಾದ ಕಾರಣಗಳಿವೆ. ಆದರೆ ಹೇಳುವ ಧಾಟಿಯಿಂದ ರೋಗಿಗೆ ಮೂರನೆಯದೇ ಕೇಳಿಸುತ್ತದೆ: ತಪ್ಪು ನಿನ್ನದು, ಅನುಭವಿಸು. ಪರೀಕ್ಷೆಯನ್ನೂ ಮಾಡದೆ ಕಳಿಸಿದವರ ಮಾತನ್ನು ನಾನಾಗಿದ್ದರೆ ಅಲ್ಲೇ ಬಿಟ್ಟುಬರುತ್ತಿದ್ದೆ.

ಮೊದಲ ಕಾರಣ ಗಾಯ ಮಾಯುವುದು. ಕೊಬ್ಬಿನ ಪದರಕ್ಕೆ ರಕ್ತ ಸಂಚಾರ ಕಡಿಮೆ. ಬಿಎಂಐ ಏರಿದ ಹಾಗೆ ಗಾಯ ಬಿಚ್ಚಿಕೊಳ್ಳುವುದು, ಕೀವಾಗುವುದು, ಒಳಗಿನ ಕೊಬ್ಬು ಸತ್ತು ಗಂಟಾಗುವುದು ಹೆಚ್ಚು. ಆದರೆ ಈ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, 30 ದಾಟಿದ ಕೂಡಲೇ ಗುಂಡಿಗೆ ಬಿದ್ದಂತೆ ಅಲ್ಲ. ಕೆಲವು ಸರ್ಜನ್‌ಗಳು 30ಕ್ಕೆ ಗೆರೆ ಎಳೆಯುತ್ತಾರೆ, ಕೆಲವರು 35ಕ್ಕೆ, ಇನ್ನು ಕೆಲವರು ಗೆರೆಯನ್ನೇ ಎಳೆಯದೆ ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸುತ್ತಾರೆ. ನಿಮ್ಮ ಎತ್ತರಕ್ಕೆ 30 ಎಂದರೆ 74 ಕೆಜಿ. 86ರಿಂದ 74 ಬೇರೆ, 78 ಬೇರೆ. ಹೈದರಾಬಾದಿನವರು ಕೇಳಿದ್ದು ಎರಡನೆಯದು.

ಎರಡನೆಯ ಕಾರಣ ಆಕಾರ. ಆಪರೇಷನ್ ಮಾಡಿಸಿಕೊಂಡು ಆಮೇಲೆ ಹದಿನೈದು ಕೆಜಿ ಇಳಿಸಿದರೆ, ಉಳಿಸಿದ ಭಾಗದ ಕೊಬ್ಬೂ ಕರಗಿ ಚರ್ಮ ಸಡಿಲಾಗುತ್ತದೆ, ಅಳೆದು ಕೂರಿಸಿದ ತೊಟ್ಟು ಮತ್ತೆ ಕೆಳಗೆ ಬರುತ್ತದೆ. ಏರಿಸಿಕೊಂಡರೆ ಎದೆ ಮತ್ತೆ ತುಂಬುತ್ತದೆ. ಅದಕ್ಕೇ ಎಷ್ಟು ತೂಕ ಅನ್ನುವುದಕ್ಕಿಂತ, ಆರು ತಿಂಗಳಾದರೂ ಅದೇ ತೂಕದಲ್ಲಿ ನಿಂತಿದ್ದೀರಾ ಅನ್ನುವುದು ಮುಖ್ಯ.

ತೊಗರಿ ಸೀಮೆಯವರು ಹೇಳಿದ್ದು ಸರಿ. ಎದೆಯಲ್ಲಿ ಕೊಬ್ಬು, ಹಾಲಿನ ಗ್ರಂಥಿ, ನಾರು ಮೂರೂ ಇರುತ್ತವೆ, ಪಾಲು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೊಬ್ಬು ಇಳಿಯುತ್ತದೆ, ಗ್ರಂಥಿ ಊಟ ಬಿಟ್ಟರೆ ಕರಗುವುದಿಲ್ಲ. ತೆಳ್ಳಗಿದ್ದ ವಯಸ್ಸಿನಲ್ಲೂ ಎದೆ ದೊಡ್ಡದಿದ್ದರೆ ಗ್ರಂಥಿಯ ಪಾಲು ಹೆಚ್ಚಿರುವ ಸಾಧ್ಯತೆ ಇದೆ.

ತೂಕಕ್ಕಿಂತ ನನಗೆ ಭಯ ಹುಟ್ಟಿಸುವುದು ಸಕ್ಕರೆ ಮತ್ತು ತಂಬಾಕು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ತಂಬಾಕು ಅಂದರೆ ಬೀಡಿ ಸಿಗರೇಟು ಮಾತ್ರ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಎಲೆ ಅಡಿಕೆ ಜೊತೆ ಹಾಕಿಕೊಳ್ಳುವುದು, ಹಲ್ಲಿಗೆ ತಿಕ್ಕುವ ಮಿಶ್ರಿ, ಇವೆಲ್ಲದರಲ್ಲೂ ನಿಕೋಟಿನ್ ಇದೆ, ಕೇಳಿದರೆ "ಏನೂ ಚಟ ಇಲ್ರಿ" ಅನ್ನುತ್ತಾರೆ. ಈ ಆಪರೇಷನ್‌ನಲ್ಲಿ ಮೊಲೆತೊಟ್ಟನ್ನು ಪೂರ್ತಿ ಬಿಡಿಸುವುದಿಲ್ಲ, ಕೆಳಗಿನ ಅಂಗಾಂಶದ ಒಂದು ಪಟ್ಟಿಗೆ ಅಂಟಿಕೊಂಡಂತೆಯೇ, ರಕ್ತನಾಳ ಸಮೇತ ಹಾಗೇ ಮೇಲಕ್ಕೆ ಸರಿಸುತ್ತಾರೆ. ನಿಕೋಟಿನ್ ಆ ನಾಳಗಳನ್ನು ಕುಗ್ಗಿಸಿದರೆ ತೊಟ್ಟು ಕಪ್ಪಾಗಿ ಸಾಯಬಹುದು. ಮೊದಲೂ ಆಮೇಲೂ ಕನಿಷ್ಠ ನಾಲ್ಕು ವಾರ ಪೂರ್ತಿ ಬಂದ್.

ಮತ್ತೆ ಆ ಟ್ಯೂಬ್. ಅದರ ಮೇಲೆ ಮೂರು ನಾಲ್ಕು ಔಷಧಿ ಹೆಸರು ಇವೆಯಾ ನೋಡಿ. ಕ್ಲೋಬೆಟಸಾಲ್, ಬೆಕ್ಲೊಮೆಥಾಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಕೆಂಪು ಬೇಗ ಇಳಿಯುತ್ತದೆ, ಚರ್ಮ ತೆಳುವಾಗುತ್ತದೆ, ಫಂಗಸ್ ಒಳಗೇ ಬೆಳೆದು ಹಟಮಾರಿ ಆಗುತ್ತದೆ. ಸುಲಿದ ಚರ್ಮದ ಮೇಲೆ ಯಾವ ಸರ್ಜನ್ ಕೂಡ ಕತ್ತರಿ ಹಾಕುವುದಿಲ್ಲ. ಚರ್ಮದ ವೈದ್ಯರಿಗೆ ಒಮ್ಮೆ ತೋರಿಸಿ. ಸ್ನಾನ ಆದ ಮೇಲೆ ಮಡಿಕೆ ಒರೆಸಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ, ಒಗೆದ ಹತ್ತಿ ಬಟ್ಟೆ ಇಡಿ. ಅಜ್ಜಿಯರ ಧೋತರದ ತುಂಡು ಒಳ್ಳೆಯ ಉಪಾಯವೇ.

ಇನ್ನೊಂದು ಮಗು ಬೇಕೆಂದಿದೆಯಾ? ಹಾಲಿನ ನಾಳಗಳು ಒಂದಷ್ಟು ಕತ್ತರಿಸಿಹೋಗುತ್ತವೆ. ಹಾಲು ಬರಬಹುದು, ಸಾಲದೆಯೂ ಇರಬಹುದು. ತೀರಾ ದೊಡ್ಡ ಎದೆಗೆ ತೊಟ್ಟನ್ನು ಬಿಡಿಸಿ ಕಸಿ ಮಾಡಬೇಕಾದರೆ ಹಾಲೂ ಇಲ್ಲ, ಮೊದಲಿನ ಸ್ಪರ್ಶವೂ ಇಲ್ಲ. ಇದನ್ನು ಬಾಯಿಬಿಟ್ಟು ಕೇಳಿ.

ಶಹಾಪುರದವ:
ಮೇಡಂ, ಗಂಡಸು ಇಲ್ಲಿ ಬರೀಬಹುದೋ ಇಲ್ಲೋ. ನನ್ನ ಹೆಂಡ್ತಿಗೂ ಇದೇ ತೊಂದ್ರಿ, ವಜ್ಜಿ ತಡಕೊಳ್ಳಲಾರದ ಅಳ್ತಾಳ. ಇಂಥ ಆಪರೇಷನ್ ಮಾಡಿಸಿದ್ರ ಮುಂದ ಕ್ಯಾನ್ಸರ್ ಬರ್ತದ ಅಂತ ನಮ್ಮ ಕಡಿ ಹೇಳ್ತಾರ. ಖರೇ ಏನ್ರಿ?

ತಲೆಗಡೆ ನಿಲ್ಲುವವಳು (ಕಲಬುರಗಿ):
ಧಾರಾಳವಾಗಿ ಬರೆಯಿರಿ. ಈ ಆಪರೇಷನ್‌ನಿಂದ ಕ್ಯಾನ್ಸರ್ ಬರುವುದಿಲ್ಲ. ತೆಗೆದ ಭಾಗವನ್ನು ಪರೀಕ್ಷೆಗೆ ಲ್ಯಾಬಿಗೆ ಕಳಿಸುತ್ತಾರೆ, ಕಳಿಸಲೇಬೇಕು ಎಂದು ನೀವೂ ಹೇಳಿ. 40 ದಾಟಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಮೊದಲೇ ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿ. ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೆ ಹೋಗಿ, ಆದರೆ ಅವರ ಪರವಾಗಿ ನೀವೇ ಉತ್ತರ ಕೊಡಬೇಡಿ.

ಮೊಣಕಾಲು ಬೆನ್ನು (ಬೀದರ್):
ಫಿಸಿಯೋಥೆರಪಿಸ್ಟ್ ನಾನು. ದಿನಾ ಇಂಥ ಹೆಗಲು ನೋಡ್ತೀನಿ. ವ್ಯಾಯಾಮದಿಂದ ಎದೆ ಸಣ್ಣ ಆಗಲ್ಲ, ಅದರೊಳಗೆ ಸ್ನಾಯುನೇ ಇಲ್ಲ. ಹಾಗೆ ಯಾರಾದರೂ ವಿಡಿಯೊ ಹಾಕಿದ್ರೆ ನಂಬಬೇಡಿ.

ಆದ್ರೆ ಆಪರೇಷನ್ ಆಗೋ ತನಕ ನೋವು ತಿನ್ನಬೇಕಂತಿಲ್ಲ. ಮೊದಲು ಬ್ರಾ. ನನ್ನ ಹತ್ತಿರ ಬರೋರಲ್ಲಿ ಹೆಚ್ಚಿನವರು ಕೆಳಪಟ್ಟಿ ಸಡಿಲ, ಕಪ್ ಸಣ್ಣ ಇರೋದನ್ನೇ ಹಾಕ್ಕೊಂಡಿರ್ತಾರೆ. ಅಂಗಡ್ಯಾಗ ಕೌಂಟರ್ ಆ ಕಡೆ ಗಂಡಸು ನಿಂತಿರ್ತಾನೆ, ಇವರು "42 ಕೊಡ್ರಿ" ಅಂತ ಹೇಳಿ ಓಡಿ ಬರ್ತಾರೆ. ಭಾರ ಹೊರಬೇಕಾದ್ದು ಎದೆ ಕೆಳಗಿನ ಪಟ್ಟಿ, ಹೆಗಲಲ್ಲ. ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಟೇಪ್ ಬಿಗಿಯಾಗಿ ಹಿಡಿದು ಅಳೆದುಕೊಳ್ಳಿ. ಹೊಸ ಬ್ರಾನ ಕೊನೇ, ಅಂದ್ರೆ ಎಲ್ಲಕ್ಕಿಂತ ಸಡಿಲ ಕೊಂಡಿಗೆ ಹಾಕಿದಾಗ ಹಿಂದಿನ ಪಟ್ಟಿ ಬೆನ್ನ ಮೇಲೆ ಏರಬಾರದು, ನೆಲಕ್ಕೆ ಸಮ ಇರಬೇಕು. ಅಗಲ ಪಟ್ಟಿದು ತಗೊಳ್ಳಿ.

ನಡೆಯೋಕೆ ಆಗದಿದ್ರೆ ಕೂತು ತುಳಿಯೋ ಸೈಕಲ್. ಎದೆ ಕುಣಿಯಲ್ಲ, ಮೊಣಕಾಲಿಗೂ ಪೆಟ್ಟಿಲ್ಲ, ಮನೆ ಒಳಗೇ ಆಗ್ತದೆ, ಯಾರ ಕಣ್ಣೂ ಇಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು ಭುಜದ ಎಲುಬು ಎರಡನ್ನೂ ಹಿಂದಕ್ಕೆ ಕೂಡಿಸೋದು, ಬಾಗಿಲ ಚೌಕಟ್ಟು ಹಿಡಿದು ಎದೆ ಮುಂದಕ್ಕೆ ಚಾಚೋದು, ಇವೆರಡನ್ನ ಪೀರಿಯಡ್ ನಡುವೆನೂ ಮಾಡಬಹುದು. ಬೆರಳು ಜೋಮು ಹಿಡಿಯೋದು, ಕೈಯಲ್ಲಿ ಶಕ್ತಿ ಕಡಿಮೆ ಅನ್ಸೋದು ಇದ್ರೆ ಮಾತ್ರ ಕುತ್ತಿಗೆ ಮಣಿ ತೋರಿಸಿ. ಎಲ್ಲಾ ನೋವನ್ನೂ ಎದೆ ತಲೆಗೇ ಕಟ್ಟಿದ್ರೆ ಆಪರೇಷನ್ ಆದ ಮೇಲೆ "ಹೋಗಲೇ ಇಲ್ಲ" ಅಂತ ಬರೋರೂ ಇದ್ದಾರೆ.

ಪಾಲಿಸಿ ಓದಿ ಸಹಿ ಮಾಡ್ರಿ (ಕಲಬುರಗಿ):
ಇನ್ಶೂರೆನ್ಸ್ ಕೆಲಸ ಮಾಡ್ತೀನಿ, ಖರ್ಚಿನ ಮಾತು ಯಾರೂ ಎತ್ತಿಲ್ಲಂತ ಬಂದೆ. ಆರೋಗ್ಯ ಪಾಲಿಸಿಗಳಾಗ ಏನೇನು ಕೊಡಂಗಿಲ್ಲ ಅನ್ನೋದಕ್ಕ ಐಆರ್‌ಡಿಎಐ, ಅಂದ್ರ ಇನ್ಶೂರೆನ್ಸ್ ಕಂಪನಿಗಳ ಮ್ಯಾಲಿನ ಸರ್ಕಾರಿ ಪ್ರಾಧಿಕಾರ, ಒಂದೇ ನಮೂನಿ ಪಟ್ಟಿ ಮಾಡ್ಯಾದ. ಅದರಾಗ 08ನೇದು ಸೌಂದರ್ಯ ಮತ್ತ ಪ್ಲಾಸ್ಟಿಕ್ ಸರ್ಜರಿ. ಎದೆ ಸಣ್ಣ ಮಾಡೋದನ್ನ ಕಂಪನಿಯವರು ಸೀದಾ ಅಲ್ಲೇ ಒಗೀತಾರ. ಆದ್ರ ಅದೇ ಕಲಮಿನ ಬಾಲ ಓದ್ರಿ: ಆರೋಗ್ಯಕ್ಕ ನೇರವಾದ, ತಕ್ಷಣದ ಅಪಾಯ ಇದ್ದು, ಚಿಕಿತ್ಸೆ ಬೇಕೇ ಬೇಕು ಅಂತ ನೋಡೋ ಡಾಕ್ಟರ್ ಬರೆದುಕೊಟ್ರ ವಿನಾಯಿತಿ ಅದ. ಸಿಕ್ಕೇ ಸಿಗ್ತದ ಅಂತ ನಾ ಹೇಳಂಗಿಲ್ಲ, ಬೆನ್ನು ನೋವಿಗಿ "ತಕ್ಷಣದ ಅಪಾಯ" ಅಂತ ಒಪ್ಪಸೋದು ಕಷ್ಟ. ಆದರೂ ಚರ್ಮದ ಡಾಕ್ಟರ್ ಚೀಟಿ, ಫಿಸಿಯೋ ಚೀಟಿ, ಹೆಗಲ ತಗ್ಗಿನ ಫೋಟೊ ಎಲ್ಲಾ ಇವತ್ತಿಂದೇ ಜೋಡಿಸಿಡ್ರಿ. ಭರ್ತಿ ಆಗೋಕ್ಕ ಮೊದಲೇ ಪೂರ್ವಾನುಮತಿ ಕೇಳ್ರಿ, ಆಮ್ಯಾಲ ಬಿಲ್ ಹಿಡಕೊಂಡು ಬರಬ್ಯಾಡ್ರಿ.

ಬಿದರಿ ಹೂಜಿ (ಬೀದರ್):
ನಂದು ತಿರಸ್ಕಾರ ಆತು. ಎರಡು ಲಕ್ಷದ ಮ್ಯಾಲ ಕೈಯಿಂದ ಹೋತು. ಮೊದಲು ಪರವಾನಗಿ ಕೇಳಬೇಕು ಅನ್ನೋದು ಯಾರು ಹೇಳಿದ್ರು ನಮಗ!

ಬಿಸಿಲೂರ ಟೀಚರ್ (ಕಲಬುರಗಿ):
ಇಷ್ಟು ಮಂದಿ ಬರೀತೀರಿ ಅಂದ್ಕೊಂಡಿರಲಿಲ್ಲ. ಒಂದೊಂದಾಗಿ ಹೇಳ್ತೀನಿ.

ತೊಗರಿ ಸೀಮಿ ಅಕ್ಕಾ, ಟ್ರಂಕ್ ತೆಗೆದು ಲಗ್ನದ ಜಂಪರ್ ನೋಡಿದೆ. ಆವಾಗ 58 ಕೆಜಿ ಇದ್ದೆ. ತೋಳಿನ್ಯಾಗ ಈಗ ಕೈನೇ ಹೋಗಂಗಿಲ್ಲ, ಆದ್ರ ಮುಂದಿನ ಕಪ್ ಆಳ ನೋಡಿ ನಾನೇ ಗಾಬ್ರಿ ಆದೆ, ಈಗಿಂದಕ್ಕೂ ಭಾಳ ಫರಕ್ ಇಲ್ಲ. ಇದೊಂದೇ ನನಗ ಅರ್ಧ ಉತ್ತರ ಕೊಟ್ಟಾದ. 74 ಆದ್ರೂ ಎದೆ ತಾನೇ ಸಣ್ಣ ಆಗ್ತದ ಅನ್ನೋ ಆಸೆ ಬಿಟ್ಟೆ.

ಡಾಕ್ಟರ್ ಮೇಡಂ, ಟ್ಯೂಬಿನ್ಯಾಗ ಕ್ಲೋಬೆಟಸಾಲ್ ಇತ್ತು. ಕಸದ ಡಬ್ಬಿಗಿ ಹಾಕೀನಿ, ಚರ್ಮದ ಡಾಕ್ಟರ್ ಬ್ಯಾರೆ ಬರೆದುಕೊಟ್ಟಾರ. ಎಚ್‌ಬಿಎ1ಸಿ 6.1 ಬಂತು, ಸಕ್ರಿ ಕಾಯಿಲೆ ಅಲ್ಲ, ಹೊಸ್ತಿಲ ಮ್ಯಾಲ ಅದ ಅಂದ್ರು. ಅದಕ್ಕಾದ್ರೂ ತೂಕ ಇಳಿಸಲೇಬೇಕು. ಇನ್ನೊಂದು ಮಗು ಬ್ಯಾಡ ಅಂತ ನಾವಿಬ್ಬರೂ ಮೊದಲೇ ಮಾತಾಡಿವಿ. ಸ್ಟಾಫ್ ರೂಮಿನ್ಯಾಗ ವಾರಕ್ಕೊಂದು ಇಂಜೆಕ್ಷನ್ ತಗೊಂಡು ಇಳಿಸ್ತಾರಂತ ಸುದ್ದಿ ಅದ, ಅದು ನಡೀತದಾ?

ನನ್ನ ಮನಸ್ಸು ಹಿಂಗಾಗ್ಯಾದ: 78ಕ್ಕ ಬರೋದು, ಅಲ್ಲಿ ಗಟ್ಟಿ ನಿಲ್ಲೋದು, ಆಪರೇಷನ್ ಮಾಡಿಸೋದು. ಆದ್ರ ಯಾವ ರಜೆ? ಬ್ಯಾಸಗಿ ರಜೆ ಉದ್ದ ಅದ. ದಸರಾ ರಜೆ ಸಣ್ಣದು, ಮ್ಯಾಲ ಮ್ಯಾನೇಜ್‌ಮೆಂಟ್‌ನವರ ಕಾಲು ಹಿಡಿಬೇಕು.

ತಲೆಗಡೆ ನಿಲ್ಲುವವಳು (ಕಲಬುರಗಿ):
ಇಂಜೆಕ್ಷನ್ ನಡೆಯುತ್ತದೆ, ವೈದ್ಯರ ಚೀಟಿ ಮೇಲೆ ಮಾತ್ರ. ಮೌಂಜಾರೊ, ವೆಗೊವಿ ಅನ್ನುವ ಇಂಥ ಎರಡು ಇಂಜೆಕ್ಷನ್‌ಗಳೂ ನಮ್ಮ ದೇಶಕ್ಕೆ ಬಂದಿದ್ದು 2025ರಲ್ಲಿ. ನನ್ನ ಕಡೆಯಿಂದ ಒಂದೇ ಕೋರಿಕೆ: ತೆಗೆದುಕೊಂಡರೆ ಆಪರೇಷನ್‌ಗೆ ಮೊದಲು ಅರಿವಳಿಕೆಯವರಿಗೆ ಹೇಳಿ. ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಉಪವಾಸ ಇದ್ದರೂ ಒಳಗೆ ಊಟ ಉಳಿದು, ಮಂಪರಿನಲ್ಲಿ ಶ್ವಾಸಕೋಶಕ್ಕೆ ಹೋಗಬಹುದು. ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು.

ರಜೆ ವಿಷಯ: ಏಪ್ರಿಲ್, ಮೇ ಬೇಡ. ಕಲಬುರಗಿಯಲ್ಲಿ 42 ದಾಟುವ ಬಿಸಿಲಲ್ಲಿ ಬಿಗಿ ಸರ್ಜಿಕಲ್ ಬ್ರಾ ಹಗಲೂ ರಾತ್ರಿ ಆರು ವಾರ, ಅದರ ಕೆಳಗೆ ಹಸಿ ಹೊಲಿಗೆ, ಕರೆಂಟ್ ಹೋದರೆ ಬೆವರು. ನಿಮ್ಮ ಚರ್ಮಕ್ಕೆ ಮೊದಲೇ ಮಡಿಕೆಯ ಹುಣ್ಣಿನ ಚಾಳಿ ಇದೆ.

ಬಿದರಿ ಹೂಜಿ (ಬೀದರ್):
ಬ್ಯಾಸಗಿ ಬ್ಯಾಡೇ ಬ್ಯಾಡ. ನಾ ದೀಪಾವಳಿ ಆದ ಮ್ಯಾಲ ಮಾಡಿಸಿದ್ದೆ, ಥಂಡಿ ಇತ್ತು, ಸ್ವೆಟರ್ ಹಾಕ್ಕೊಂಡ್ರ ಬ್ಯಾಂಡೇಜೂ ಕಾಣಲಿಲ್ಲ, ಬಂದೋರು ಏನಾತು ಅಂತ ಕೇಳಲೂ ಇಲ್ಲ. ದಸರಾ ರಜೆಗಿ ಹತ್ತು ದಿನ ಮೆಡಿಕಲ್ ರಜೆ ಜೋಡಿಸ್ರಿ. ಕುಂತು ಕಲಿಸ್ಲಾಕ ಎರಡು ಮೂರು ವಾರಕ್ಕ ಆಗ್ತದ, ಬೋರ್ಡಿನ ಮ್ಯಾಲಿನ ಸಾಲು ಮಾತ್ರ ಹುಡುಗೂರ ಕಡೆ ಬರಸ್ರಿ. ಹೈದರಾಬಾದಿಂದ ವಾಪಸ್ ಬರೋವಾಗ ರೈಲಿಗಿ ಬರ್ರಿ, ಕಾರಿನ ಬೆಲ್ಟ್ ಸೀದಾ ಹೊಲಿಗಿ ಮ್ಯಾಲೇ ಕೂಡ್ತದ.

ಭೀಮಾ ದಂಡಿ (ಯಾದಗಿರಿ):
ಟೀಚರವ್ವ, ಮಾಡಿಸ್ಕೋಬ್ಯಾಡ ಅಂತ ನಾ ಈಗೂ ಅಂತೀನಿ. ಮಾಡಿಸ್ಕೊಂಡ್ರ ಅತ್ತಿ ಕೈಲಿ ಆರು ವಾರ ರೊಟ್ಟಿ ಮಾಡಸ್ತೀ ಏನು, ಮೊದಲೇ ಸಿಟ್ಟಿನ್ಯಾಗ ಅದಾರ. ಸಂಘದ ಹೆಣ್ಮಕ್ಕಳು ಕಡಕ್ ರೊಟ್ಟಿ ಮಾಡಿ ಮಾರ್ತಾರ, ಡಬ್ಬಿ ತುಂಬಿಸಿ ಇಟ್ರ ತಿಂಗಳಾದ್ರೂ ಕೆಡಂಗಿಲ್ಲ. ಎಳ್ಳು ಹಚ್ಚಿದ್ದು ತಗೋ, ಮೊಸರಿನ್ಯಾಗ ನೆನಸ್ಕೊಂಡು ತಿನ್ನಬಹುದು. ಭಜಿ ಮಾತ್ರ ತರಸಬ್ಯಾಡ.